ಹಳೇ ಹಾಯಿದೋಣಿ ಕೊಳ್ಳೋದಾ, ಹೊಸದಾ? 32 ಅಡಿ ಆಸುಪಾಸಿನದು ನೋಡುತ್ತಿದ್ದೇವೆ

ಮೊದಲಹಾಯಿ:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಷ್ಟು ದಿನ ಸ್ನೇಹಿತರ ದೋಣಿಗಳಲ್ಲೇ ಓಡಾಡುತ್ತಿದ್ದೆವು. ಈಗ ನಮ್ಮದೇ ಒಂದು ಬೇಕು. ಇಬ್ಬರೇ ನಿಭಾಯಿಸಬೇಕು. ಮೊದಲು ದಡದ ಹತ್ತಿರ, ಆಮೇಲೆ ರಾತ್ರಿ ಪಯಣ, ಮುಂದೆ ದೂರದ ಸಮುದ್ರ ಅಂತ ಆಸೆ.

ಎರಡು ದೋಣಿ ಮನಸ್ಸಿಗೆ ಬಂದಿವೆ. ಒಂದು 1976ರದ್ದು. ಉದ್ದ ಕೀಲ್ (ತಳದಿಂದ ಕೆಳಕ್ಕೆ ಚಾಚಿರುವ ಭಾರದ ಭಾಗ), ದಪ್ಪ ಫೈಬರ್‌ಗ್ಲಾಸ್ ಒಡಲು, ಒಳಗೆಲ್ಲ ಮರದ ಕೆಲಸ. ಕೈಯಲ್ಲಿರುವ ದುಡ್ಡಿನಲ್ಲೇ ಬರುತ್ತದೆ. ಇನ್ನೊಂದು 2014ರದ್ದು. ಹಿಂಭಾಗ ಅಗಲ, ಫಿನ್ ಕೀಲ್ (ಮೀನಿನ ರೆಕ್ಕೆಯಂತೆ ಗಿಡ್ಡದು), ಒಳಗೆ ಬೆಳಕು ಚೆನ್ನಾಗಿದೆ. ಅದಕ್ಕೆ ಸಾಲ ಮಾಡಬೇಕು. ಹಳೆಯದನ್ನು ದೂರದಿಂದ ನೋಡಿದರೆ ಕಣ್ಣು ಕೀಳೋಕೆ ಆಗಲ್ಲ. ಹೊಸದರ ಒಳಗೆ ಕೂತರೆ ಎದ್ದು ಬರೋಕೆ ಮನಸ್ಸಿಲ್ಲ.

ಕೈಕೆಲಸ ಬರುತ್ತದೆ, ಕಲಿಯೋಕೂ ತಯಾರು. ಆದರೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಉದ್ದಕೀಲ್:

ಹಳೆಯದನ್ನೇ ತಗೊಳ್ಳಿ. ಕಾರಣ ಹೇಳುತ್ತೇನೆ.

ಫೈಬರ್‌ಗ್ಲಾಸ್ ದೋಣಿ ಕಟ್ಟಲು ಶುರು ಮಾಡಿದ ಕಾಲದಲ್ಲಿ ಈ ವಸ್ತು ಎಷ್ಟು ವರ್ಷ ಬಾಳುತ್ತದೆ ಅಂತ ಯಾರಿಗೂ ಖಚಿತವಿರಲಿಲ್ಲ. ಹಾಗಾಗಿ ದಪ್ಪಕ್ಕೆ ಹಾಕಿದರು. 1959ರಲ್ಲಿ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಟ್ರೈಟನ್ ಬಂತು. ಕಾರ್ಲ್ ಆಲ್‌ಬರ್ಗ್ ಅವರ ವಿನ್ಯಾಸ, 28 ಅಡಿ ಚಿಲ್ಲರೆ ಉದ್ದ. ಅವುಗಳಲ್ಲಿ ಎಷ್ಟೋ ದೋಣಿಗಳು ಇವತ್ತಿಗೂ ನೀರಿನಲ್ಲಿವೆ. ಒಂದು ಟ್ರೈಟನ್ ಅಂತೂ ಎರಡು ಸಲ ಭೂಮಿ ಸುತ್ತಿ ಬಂದಿದೆ. ಅರವತ್ತು ವರ್ಷ ದಾಟಿದ ಒಡಲು ಇನ್ನೂ ಗಟ್ಟಿಯಾಗಿದೆ ಅಂದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ಸುರಕ್ಷತೆಯ ಮಾತು ಬಂದರೆ 1979ರ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯ ನೆನಪಿಸಿಕೊಳ್ಳಿ. 303 ದೋಣಿ ಹೊರಟವು. ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. ಸಿಬ್ಬಂದಿ ಬಿಟ್ಟು ಹೋದ ದೋಣಿಗಳೇ 24. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು, ಅಸೆಂಟ್ ಅನ್ನುವ ಕಾಂಟೆಸಾ 32. ಕಿರಿದಾದ ಒಡಲು, ತೂಕದಲ್ಲಿ ಸುಮಾರು ಅರ್ಧ ಭಾಗ ಕೀಲ್‌ನಲ್ಲೇ. ಆ ಮಾದರಿ 1971ರದ್ದು.

ಹಳೇ ದೋಣಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಹೊಸದು ಅಲೆಯ ಮೇಲಿಂದ ಧಪ್ ಅಂತ ಬೀಳುತ್ತದೆ. ರಾತ್ರಿಯೆಲ್ಲ ಎದುರು ಗಾಳಿಯಲ್ಲಿ ಹೋದವರಿಗೆ ಈ ವ್ಯತ್ಯಾಸ ಬೆನ್ನೆಲುಬಿಗೇ ಗೊತ್ತು.

ನೀಲಿಅಲೆ:

ಉದ್ದಕೀಲ್ ಅವರೇ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಕೇಳಿದವರು ಇಬ್ಬರೇ ಓಡಿಸುವವರು, ಬಿಡುವು ಕಡಿಮೆ. ಅವರ ಕಡೆಯಿಂದ ನೋಡೋಣ.

ಮೊದಲನೆಯದು ವೇಗ. ನೀರನ್ನು ತಳ್ಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಒಂದು ಮಿತಿ ಇದೆ. ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಹೆಚ್ಚು ಕಡಿಮೆ ಆ ಮಿತಿ ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅಂತ) ಸಿಗುತ್ತದೆ. ಟ್ರೈಟನ್ ಒಟ್ಟು 28 ಅಡಿ ದಾಟಿದರೂ ನೀರಿನ ಮಟ್ಟದಲ್ಲಿ ಸುಮಾರು 20.5 ಅಡಿ ಅಷ್ಟೇ. ಲೆಕ್ಕ ಹಾಕಿ, 6 ನಾಟ್ ಆಗುತ್ತದೆ. ಈಗಿನ ಅದೇ ಉದ್ದದ ದೋಣಿಯ ಮೂತಿ ನೆಟ್ಟಗೆ ಇಳಿಯುತ್ತದೆ, ಹಿಂಭಾಗವೂ ಹಾಗೇ. ನೀರಿನ ಮಟ್ಟದಲ್ಲಿ 27 ಅಡಿ ಸಿಕ್ಕರೆ 7 ನಾಟ್ ಹತ್ತಿರ ಬರುತ್ತದೆ. ಒಂದು ನಾಟ್ ತಾನೇ ಅನ್ನಬೇಡಿ. ಇಡೀ ದಿನಕ್ಕೆ ಅದು 24 ನಾಟಿಕಲ್ ಮೈಲಿ. ಕತ್ತಲಾಗುವ ಮೊದಲೇ ಲಂಗರು ಹಾಕೋದಾ, ಕತ್ತಲಲ್ಲಿ ಗೊತ್ತಿಲ್ಲದ ಕೊಲ್ಲಿಗೆ ನುಗ್ಗೋದಾ ಅನ್ನೋದು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಎರಡನೆಯದು ಬಂದರಿನೊಳಗೆ ತಿರುಗಿಸೋದು. ಉದ್ದ ಕೀಲ್‌ನ ದೋಣಿಯನ್ನು ಹಿಂದಕ್ಕೆ ಓಡಿಸಿ ನೋಡಿದ್ದೀರಲ್ಲ? ಚುಕ್ಕಾಣಿ ಏನು ಹೇಳಿದರೂ ಅದು ಪ್ರೊಪೆಲರ್ ಎಳೆದ ಕಡೆಗೇ ಹೋಗುತ್ತದೆ. ಅಡ್ಡ ಗಾಳಿ ಇದ್ದರೆ ಹಗ್ಗ ಹಿಡಿದುಕೊಂಡು ಒಬ್ಬರು, ಚುಕ್ಕಾಣಿಯಲ್ಲಿ ಒಬ್ಬರು ಒದ್ದಾಡಬೇಕು. ಫಿನ್ ಕೀಲ್ ದೋಣಿ ನಿಂತ ಜಾಗದಲ್ಲೇ ತಿರುಗುತ್ತದೆ. ಗಂಡ ಹೆಂಡತಿ ಇಬ್ಬರೂ ಖುಷಿಯಾಗಿ ಮತ್ತೆ ಮತ್ತೆ ಸಮುದ್ರಕ್ಕೆ ಹೋಗಬೇಕು ಅಂದರೆ ಈ ಅನುಕೂಲ ಬಹಳ ಮುಖ್ಯ.

'ದಪ್ಪ ಇದ್ದರೆ ಗಟ್ಟಿ' ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಆಗ ಗಾಜಿನ ನಾರಿನ ಮೇಲೆ ಬ್ರಷ್, ರೋಲರ್ ಹಿಡಿದು ಕೈಯಿಂದ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಬಳಿಯುತ್ತಿದ್ದರು. ಕೆಲವು ಕಡೆ ರೆಸಿನ್ ಮಡುಗಟ್ಟುತ್ತಿತ್ತು, ಕೆಲವು ಕಡೆ ಗಾಳಿಗುಳ್ಳೆ ಉಳಿಯುತ್ತಿತ್ತು. ಬಲ ಕೊಡೋದು ನಾರು, ರೆಸಿನ್ ಅಲ್ಲ. ಈಗ ಒಳ್ಳೆಯ ಕಾರ್ಖಾನೆಗಳಲ್ಲಿ ನಿರ್ವಾತದಲ್ಲಿ ರೆಸಿನ್ ಎಳೆಸುತ್ತಾರೆ. ನಾರಿನ ಪಾಲು ಜಾಸ್ತಿ, ಗುಳ್ಳೆ ಕಡಿಮೆ. ತೆಳ್ಳಗಿದ್ದರೂ ಬಲ ಇರುತ್ತದೆ.

ಉದ್ದಕೀಲ್:

ಒಂದು ಮಾತು ಸೇರಿಸುತ್ತೇನೆ. ಹಳೇ ದೋಣಿ ವಾಲಿದಾಗ ಮೂತಿ ಮತ್ತು ಹಿಂಭಾಗದ ಇಳಿಜಾರು ನೀರಿಗೆ ಇಳಿಯುತ್ತದೆ. ಆಗ ನೀರಿನ ಮಟ್ಟದ ಉದ್ದ ಬೆಳೆಯುತ್ತದೆ. ಆ ಕಾಲದ ಪಂದ್ಯದ ನಿಯಮಗಳು ನೆಟ್ಟಗೆ ನಿಂತಾಗಿನ ಅಳತೆ ಹಿಡಿಯುತ್ತಿದ್ದವು. ಅದಕ್ಕೇ ವಿನ್ಯಾಸಕಾರರು ಹಾಗೆ ಚಾಚಿ ಎಳೆದರು. ಹಾಗಾಗಿ ನಿಮ್ಮ 6 ನಾಟ್ ನಿಂತ ದೋಣಿಯ ಲೆಕ್ಕ.

ಬಂದರಿನಲ್ಲಿ ಹಿಂದಕ್ಕೆ ಓಡಿಸುವ ವಿಷಯ ಮಾತ್ರ ಒಪ್ಪುತ್ತೇನೆ. ಅದಕ್ಕೆ ಔಷಧಿ ಇಲ್ಲ.

ಉಪ್ಪುಗಾಳಿ:

ನಾನು ದೋಣಿ ರಿಪೇರಿ ಯಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಎರಡೂ ಬಗೆಯ ದೋಣಿಗಳನ್ನು ಬಿಚ್ಚಿ ನೋಡಿದ್ದೇನೆ. ಹುಟ್ಟಿದ ವರ್ಷ ನೋಡಿ ದೋಣಿ ಆರಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ನಾನು ಕೇಳೋದು ಒಂದೇ ಪ್ರಶ್ನೆ. ನೀರು ಒಳಗೆ ಬರಬಹುದಾದ ಪ್ರತಿಯೊಂದು ಜಾಗಕ್ಕೂ, ಮಾಸ್ಟನ್ನು (ಹಾಯಿಯ ಕಂಬವನ್ನು) ಹಿಡಿದಿರುವ ಪ್ರತಿಯೊಂದು ಬೋಲ್ಟಿಗೂ ನಿಮ್ಮ ಕೈ ತಲುಪುತ್ತದಾ? ತಲುಪಿದರೆ ಅದು ಹಳೆಯದಾದರೂ ಸರಿ, ಹೊಸದಾದರೂ ಸರಿ. ತಲುಪದಿದ್ದರೆ ಎರಡೂ ಕಷ್ಟ.

ಹಳೆಯದರಿಂದ ಶುರು ಮಾಡೋಣ. ಒಡಲಿನ ಬಗ್ಗೆ ಜನ ತಲೆ ಕೆಡಿಸಿಕೊಳ್ಳೋದು ಜಾಸ್ತಿ. ಹಳೇ ದೋಣಿಯ ಒಡಲು ಸಾಯೋದು ಅಪರೂಪ. ಸಾಯೋದು ಡೆಕ್. ಡೆಕ್ ಅಂದರೆ ಎರಡು ತೆಳು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರ. ಮೇಲೆ ಕೂರಿಸಿದ ಕಂಬಿ, ಹಗ್ಗ ಕಟ್ಟುವ ಕ್ಲೀಟ್, ಹಗ್ಗ ಎಳೆಯುವ ವಿಂಚ್ ಎಲ್ಲದಕ್ಕೂ ಬೋಲ್ಟಿನ ತೂತು ಇರುತ್ತದೆ. ಸೀಲೆಂಟ್ ಹತ್ತು ಹದಿನೈದು ವರ್ಷಕ್ಕೆ ಒಣಗಿ ಬಿರುಕು ಬಿಡುತ್ತದೆ. ನೀರು ಮರಕ್ಕೆ ಇಳಿಯುತ್ತದೆ, ಮರ ಕೊಳೆಯುತ್ತದೆ. ಮೇಲಿಂದ ಏನೂ ಕಾಣಲ್ಲ.

ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು ಅದರ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ ಮೇಲೆ ಅಂಗೈ ಅಗಲಕ್ಕೊಂದರಂತೆ ಮೆಲ್ಲಗೆ ಬಡಿಯುತ್ತಾ ಹೋಗಿ. ಚೆನ್ನಾಗಿರುವ ಕಡೆ ಟಕ್ ಟಕ್ ಅಂತ ಚುರುಕು ಸದ್ದು. ಕೊಳೆತ ಕಡೆ ಸದ್ದು ಸತ್ತು ಹೋಗುತ್ತದೆ. ಸದ್ದು ಬದಲಾದ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಒಂದೆರಡು ಕಡೆ ಬೋಲ್ಟಿನ ಸುತ್ತ ಮಾತ್ರ ಗುರುತು ಬಿದ್ದರೆ ಸರಿಪಡಿಸಬಹುದು. ಮಾಸ್ಟಿನ ಸುತ್ತ, ನಡೆಯುವ ಜಾಗದ ಉದ್ದಕ್ಕೂ ಬಿದ್ದರೆ ಮೇಲಿನ ಪದರ ಕತ್ತರಿಸಿ ತೆಗೆದು ಹೊಸ ಮರ ಕೂರಿಸಬೇಕು. ಒಂದು ಚಳಿಗಾಲ ಪೂರ್ತಿ ಹೋಗುತ್ತದೆ. ಡೆಕ್ ಮೇಲೆ ತೇಗದ ಪಟ್ಟಿ ಹೊಡೆದಿದ್ದರೆ ಇನ್ನೂ ಹುಷಾರು. ನೂರಾರು ಸ್ಕ್ರೂ ಅಂದರೆ ನೂರಾರು ತೂತು.

ಎರಡನೆಯದು ಚೈನ್‌ಪ್ಲೇಟ್. ಮಾಸ್ಟನ್ನು ಎರಡೂ ಕಡೆ ಎಳೆದು ಹಿಡಿಯುವ ತಂತಿಗಳು ಬಂದು ಕೂರುವ ಲೋಹದ ಪಟ್ಟಿ. ಇಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಗುಣ ಗೊತ್ತಿರಬೇಕು. ಗಾಳಿಯ ಆಮ್ಲಜನಕ ತಾಗುವವರೆಗೆ ಅದರ ಮೇಲೆ ಒಂದು ರಕ್ಷಣೆಯ ಪೊರೆ ಇರುತ್ತದೆ. ಡೆಕ್ ಒಳಗೆ ಹಾದು ಹೋಗುವ ಆ ಒಂದು ಅಂಗುಲದಲ್ಲಿ ಉಪ್ಪುನೀರು ನಿಂತು, ಆಮ್ಲಜನಕ ಮುಗಿದರೆ ಪೊರೆ ಹೋಗುತ್ತದೆ. ಉಪ್ಪು ಅಲ್ಲೇ ಕೊರೆಯಲು ಶುರು ಮಾಡುತ್ತದೆ. ಮೇಲೂ ಹೊಳೆಯುತ್ತದೆ, ಕೆಳಗೂ ಹೊಳೆಯುತ್ತದೆ, ನಡುವೆ ಮಾತ್ರ ಅರ್ಧ ಸವೆದಿರುತ್ತದೆ.

ನೋಡುವ ಬಗೆ ಹೇಳುತ್ತೇನೆ. ಕ್ಯಾಬಿನ್ನಿನ ಒಳಗೆ ಪಟ್ಟಿ ಇಳಿಯುವ ಕಡೆ ಮರದ ಮೇಲೆ ಕಂದು ಗೆರೆ ಇಳಿದಿದೆಯಾ ನೋಡಿ. ಇದ್ದರೆ ಬೋಲ್ಟ್ ಬಿಚ್ಚಿ ಪಟ್ಟಿಯನ್ನು ಹೊರಗೆ ತೆಗೆಯಿರಿ. ಒರೆಸಿ ಒಣಗಿಸಿ ಕೆಂಪು ಡೈ ಹಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿ. ಬಿರುಕು ಇದ್ದರೆ ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ನಿಧಾನಕ್ಕೆ ಮೂಡುತ್ತದೆ. ಆ ಪಟ್ಟಿಯನ್ನು ಮತ್ತೆ ದೋಣಿಗೆ ಹಾಕಬಾರದು. ಅಷ್ಟೇ.

ಈಗ ಹೊಸದು. ಕಾರ್ಖಾನೆಯಲ್ಲಿ ಬೇಗ ಕಟ್ಟಬೇಕು ಅಂತ ಒಳಗಿನ ಚೌಕಟ್ಟನ್ನೆಲ್ಲ ಒಂದೇ ಅಚ್ಚಿನಲ್ಲಿ ತೆಗೆದು ಒಡಲಿಗೆ ಅಂಟಿಸುತ್ತಾರೆ. ಮೇಲೆ ಇನ್ನೊಂದು ಒಳಹೊದಿಕೆ. ನೋಡೋಕೆ ಬಹಳ ಚೊಕ್ಕಟ. ಆದರೆ ಅಂಟು ಒಡೆದಿದೆಯಾ ಇಲ್ಲವಾ ನೋಡಬೇಕು ಅಂದರೆ ಕೈ ಹೋಗಲ್ಲ, ಟಾರ್ಚ್ ಬೆಳಕೂ ಹೋಗಲ್ಲ. ವೈರು, ಪೈಪು ಕೂಡ ಅದರ ಹಿಂದೆಯೇ. ಈ ತರಹದ ಒಳಹೊದಿಕೆ ಕೆಲವು ಹಳೇ ದೋಣಿಗಳಲ್ಲೂ ಇದೆ, ಹಾಗಾಗಿ ಇದು ಹೊಸದರದ್ದೇ ದೋಷ ಅನ್ನಲಾರೆ.

ಮೊದಲಹಾಯಿ:

ಉಪ್ಪುಗಾಳಿ ಸರ್, ತುಂಬಾ ಧನ್ಯವಾದ. ಕೆಂಪು ಡೈ ವಿಷಯ ನಮಗೆ ಗೊತ್ತೇ ಇರಲಿಲ್ಲ.

2014ರ ದೋಣಿಯ ಕೀಲ್ ಬೋಲ್ಟ್ ಹಾಕಿ ಕೂರಿಸಿದ್ದು. ಅದು ಕಳಚಿ ಬೀಳಬಹುದು ಅಂತ ಒಬ್ಬರು ಹೆದರಿಸಿದರು. ನಿಜವಾ? ಹಳೆಯದರಲ್ಲಿ ಕೀಲ್ ಒಡಲಿನ ಒಳಗೇ ಸೇರಿದೆ, ಬೋಲ್ಟೇ ಇಲ್ಲ.

ಉಪ್ಪುಗಾಳಿ:

ಹೆದರುವ ವಿಷಯ ಅಲ್ಲ, ತಿಳಿದುಕೊಳ್ಳುವ ವಿಷಯ. 2014ರ ಮೇ ತಿಂಗಳಲ್ಲಿ ಚೀಕಿ ರಫೀಕಿ ಅನ್ನುವ ಸುಮಾರು 40 ಅಡಿಯ ದೋಣಿ ಕೆರಿಬಿಯನ್ ಕಡೆಯಿಂದ ಬ್ರಿಟನ್ನಿಗೆ ಮರಳುವಾಗ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು. ನಾಲ್ವರೂ ಉಳಿಯಲಿಲ್ಲ. ದೋಣಿಗೆ ಆಗ ಹತ್ತು ವರ್ಷವೂ ಆಗಿರಲಿಲ್ಲ. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆ ವಿವರವಾದ ವರದಿ ಕೊಟ್ಟಿತು. ಹಿಂದೆ ದೋಣಿಯ ತಳ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು, ಇವೆಲ್ಲ ಸೇರಿ ಕೀಲ್ ಕೂರುವ ಜಾಗವನ್ನು ದುರ್ಬಲ ಮಾಡಿರಬಹುದು ಅಂದಿತು. ಮೆಲ್ಲಗೆ ತಾಗಿದರೂ ಕಣ್ಣಿಗೆ ಕಾಣದ ಹಾನಿ ಆಗಬಹುದು, ಅಂಟಿಸಿದ ಚೌಕಟ್ಟು ಬಿಟ್ಟುಕೊಂಡಿದ್ದು ಗೊತ್ತಾಗೋದು ಕಷ್ಟ ಅಂತಲೂ ಎಚ್ಚರಿಸಿತು.

ಇದರಿಂದ ಬೋಲ್ಟ್ ಹಾಕಿದ ಕೀಲ್ ಎಲ್ಲ ಕೆಟ್ಟದ್ದು ಅಂತ ಆಗಲ್ಲ. ಲಕ್ಷಾಂತರ ಮೈಲಿ ಓಡಿದ ಅಂಥ ದೋಣಿಗಳಿವೆ. ನೀವು ಮಾಲೀಕರನ್ನು ನೇರವಾಗಿ ಕೇಳಿ: ತಳ ಎಲ್ಲಾದರೂ ತಾಗಿತ್ತಾ? ತಾಗಿದ್ದರೆ ಯಾರು ನೋಡಿದರು, ಏನು ಮಾಡಿದರು? ಕಾಗದ ಇದೆಯಾ? ಆಮೇಲೆ ದೋಣಿ ಮೇಲೆತ್ತಿದಾಗ ಕೀಲ್ ಒಡಲಿಗೆ ಸೇರುವ ಗೆರೆ ನೋಡಿ. ಮುಂದಿನ ತುದಿಯಲ್ಲಿ ಬಾಯಿ ಬಿಟ್ಟಿದೆಯಾ? ತುಕ್ಕು ಸೋರಿದೆಯಾ? ಒಳಗೆ ಬಂದು ಕೀಲ್‌ನ ಹಿಂದಿನ ತುದಿ ಇರುವ ಜಾಗ ನೋಡಿ. ತಳ ತಾಗಿದಾಗ ಕೀಲ್‌ನ ಹಿಂಭಾಗ ಮೇಲಕ್ಕೆ ಒತ್ತುತ್ತದೆ. ಚೌಕಟ್ಟಿನ ಮೂಲೆಗಳಲ್ಲಿ ಬಿರುಕು ಮೂಡೋದು ಅಲ್ಲೇ.

ಒಳಗೇ ಸೇರಿದ ಕೀಲ್‌ಗೂ ತನ್ನ ಕಷ್ಟ ಇದೆ. ಕೆಳಗಿನ ಫೈಬರ್‌ಗ್ಲಾಸ್ ಒಡೆದು ನೀರು ಹೋದರೆ ಒಳಗೆ ಸೀಸ ಇದ್ದರೆ ಪರವಾಗಿಲ್ಲ. ಕಬ್ಬಿಣ ಇದ್ದರೆ ತುಕ್ಕು ಹಿಡಿದು ಊದುತ್ತದೆ. ಒಳಗೆ ಏನು ತುಂಬಿದ್ದಾರೆ ಅಂತ ಮೊದಲು ತಿಳಿದುಕೊಳ್ಳಿ.

ಧ್ರುವತಾರೆ:

ಇಷ್ಟು ಹೊತ್ತು ಯಾರೂ ದುಡ್ಡಿನ ಮಾತು ಸರಿಯಾಗಿ ಎತ್ತಿಲ್ಲ. ನಮ್ಮ ಮನೆಯಲ್ಲಿ ದೋಣಿಯ ಲೆಕ್ಕಪುಸ್ತಕ ನಾನೇ ಬರೆಯೋದು, ಅದಕ್ಕೆ ಹೇಳುತ್ತಿದ್ದೇನೆ.

'ದೋಣಿಯ ಬೆಲೆಯ ಶೇಕಡಾ 10ರಷ್ಟು ಪ್ರತಿ ವರ್ಷ ನಿರ್ವಹಣೆಗೆ' ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ಹಳೇ ದೋಣಿಗೆ ಅದನ್ನು ಹಿಡಿದು ಹೋದರೆ ಕೆಡುತ್ತೀರಿ. ಮಾಸ್ಟಿನ ತಂತಿಯನ್ನು ಉದ್ದ ನೋಡಿ ಮಾರುತ್ತಾರೆ. ಹಾಯಿಯನ್ನು ವಿಸ್ತೀರ್ಣ ನೋಡಿ ಹೊಲಿಯುತ್ತಾರೆ. ತಳಕ್ಕೆ ಬಳಿಯುವ ಬಣ್ಣ, ಬಂದರಿನ ಬಾಡಿಗೆ, ಕ್ರೇನು, ಎಲ್ಲವೂ ಅಡಿ ಲೆಕ್ಕ. ನೀವು ದೋಣಿಯನ್ನು ಎಷ್ಟು ಅಗ್ಗಕ್ಕೆ ಕೊಂಡಿರಿ ಅಂತ ಅಂಗಡಿಯವರು ಕೇಳಲ್ಲ. 32 ಅಡಿ ದೋಣಿ ಪುಕ್ಕಟೆ ಸಿಕ್ಕರೂ ಅದನ್ನು ಸಾಕೋದು 32 ಅಡಿ ದೋಣಿಯ ಖರ್ಚಿನಲ್ಲೇ. ಹಳೇ ದೋಣಿಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿ ವಾಪಸ್ ಬರೋದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡೇ ಕೈ ಹಾಕಿ.

ಹಾಗಂತ ಹೊಸದು ಅಗ್ಗ ಅಂತಲೂ ಅಲ್ಲ. ಹೊಸ ದೋಣಿ ಮೊದಲ ಕೆಲವು ವರ್ಷಗಳಲ್ಲಿ ಬೆಲೆ ಕಳೆದುಕೊಳ್ಳುವಷ್ಟು ಮತ್ತೆಂದೂ ಕಳೆದುಕೊಳ್ಳಲ್ಲ. ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣಲ್ಲ. ಅದಕ್ಕೇ ಜನ ಲೆಕ್ಕಕ್ಕೆ ಹಿಡಿಯಲ್ಲ.

ನಿಮ್ಮ 2014ರ ದೋಣಿಯ ವಯಸ್ಸು ಇದೆಯಲ್ಲ, ಅದು ಬಹಳ ನಾಜೂಕಾದ ವಯಸ್ಸು. ಮಾಸ್ಟಿನ ತಂತಿಗಳನ್ನು ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೆ ಬದಲಾಯಿಸಬೇಕು ಅನ್ನುತ್ತಾರೆ. ಎಷ್ಟೋ ವಿಮೆಯವರೂ ಅದನ್ನು ಕೇಳುತ್ತಾರೆ. ಸೈಲ್‌ಡ್ರೈವ್ (ಎಂಜಿನ್ನಿನಿಂದ ತಳದ ತೂತಿನ ಮೂಲಕ ನೇರ ಕೆಳಗಿನ ಪ್ರೊಪೆಲರ್‌ಗೆ ಇಳಿಯುವ ಭಾಗ) ಇದ್ದರೆ ಅದರ ದೊಡ್ಡ ರಬ್ಬರ್ ಸೀಲ್ ಬದಲಾಯಿಸಬೇಕು. ಏಳು ವರ್ಷಕ್ಕೊಮ್ಮೆ ಅಂತ ತಯಾರಕರೇ ಹೇಳುವುದುಂಟು, ಆದರೆ ಎಷ್ಟೋ ಮಾಲೀಕರು ಮುಟ್ಟಿಯೇ ಇರಲ್ಲ. ಅದರ ಮೇಲೆ ಹಾಯಿ, ಬ್ಯಾಟರಿ, ದಾರಿ ತೋರಿಸುವ ಪ್ಲಾಟರ್, ಗ್ಯಾಸ್ ಪೈಪ್, ಕಿಟಕಿಯ ಸೀಲ್. ಎಲ್ಲ ಒಟ್ಟಿಗೆ ಹುಟ್ಟಿದವು, ಒಟ್ಟಿಗೇ ಮುಗಿಯುತ್ತವೆ. ಹಿಂದಿನ ಮಾಲೀಕರು ಮಾರೋದು ಸರಿಯಾಗಿ ಆ ಹೊತ್ತಿಗೇ. ಇದನ್ನೆಲ್ಲ ಪಟ್ಟಿ ಮಾಡಿ, ಆಗಿದೆಯಾ ಇಲ್ಲವಾ ಅಂತ ಕೇಳಿ. ಆಗಿಲ್ಲದಿದ್ದರೆ ಬೆಲೆಯಲ್ಲಿ ಕಳೆಯಿರಿ. ಸಾಲದ ಕಂತು ಕಟ್ಟುತ್ತಲೇ ಇದಕ್ಕೂ ಹೊಂದಿಸೋದು ಸುಲಭ ಅಲ್ಲ.

ಇಬ್ಬರೂ ಕೆಲಸಕ್ಕೆ ಹೋಗುವವರು ಅಂದಿರಿ. ಹಾಗಾದರೆ ದುಡ್ಡಿಗಿಂತ ವಾರಾಂತ್ಯಗಳನ್ನು ಲೆಕ್ಕ ಹಾಕಿ. ಹಳೇ ದೋಣಿ ಕೇಳೋದು ಅದನ್ನೇ.

ಅಲೆಮಾರಿ:

ಧ್ರುವತಾರೆ ಮೇಡಂ ಹೇಳಿದ್ದು ಅಕ್ಷರಶಃ ಸತ್ಯ. ನಮ್ಮ ಬಂದರಿನಲ್ಲಿ ಅರ್ಧ ಬಿಚ್ಚಿಟ್ಟು ಮಾಲೀಕರು ಬರೋದೇ ನಿಲ್ಲಿಸಿದ ಹಳೇ ದೋಣಿಗಳಿವೆ. ನೋಡಿದರೆ ಸಂಕಟ ಆಗುತ್ತದೆ. ಫೈಬರ್‌ಗ್ಲಾಸ್ ಕೊಳೆಯಲ್ಲ, ಕರಗಲ್ಲ. ಅವುಗಳನ್ನು ಒಡೆದು ವಿಲೇವಾರಿ ಮಾಡೋದೇ ಈಗ ದೊಡ್ಡ ತಲೆನೋವು. ಫ್ರಾನ್ಸ್‌ನಲ್ಲಿ 2019ರಿಂದ ಅದಕ್ಕೇ ಒಂದು ವ್ಯವಸ್ಥೆ ಇದೆ. ಹೊಸ ದೋಣಿ ಮಾರುವವರಿಂದ ಹಣ ಸಂಗ್ರಹಿಸಿ ಹಳೆಯದನ್ನು ಒಡೆಯುತ್ತಾರೆ. ಬೇರೆ ಕಡೆಯೂ ಆಗಬೇಕು. ಯಾರಾದರೂ ಒಂದು ಹಳೇ ದೋಣಿಯನ್ನು ಚೆನ್ನಾಗಿ ಇಟ್ಟುಕೊಂಡರೆ ಒಂದು ಹೊಸ ಒಡಲಿಗೆ ಬೇಕಾದ ರೆಸಿನ್ ಉಳಿಯಿತು. ನನಗೆ ಇದು ಸಣ್ಣ ವಿಷಯ ಅಲ್ಲ.

ಉದ್ದಕೀಲ್:

ಹಳೇ ವಿನ್ಯಾಸದ ಮೇಲೆ ನಂಬಿಕೆ ಬರಬೇಕಾದರೆ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯ ನೋಡಿ. 1968ರಲ್ಲಿ ಹೊರಟ ಒಂಬತ್ತು ಜನರಲ್ಲಿ ಮುಗಿಸಿದ್ದು ರಾಬಿನ್ ನಾಕ್ಸ್ ಜಾನ್‌ಸ್ಟನ್ ಒಬ್ಬರೇ. ಸುಹೇಲಿ ಅನ್ನುವ 32 ಅಡಿಯ ತೇಗದ ದೋಣಿ, ಮುಂಬೈಯಲ್ಲಿ ಕಟ್ಟಿದ್ದು. 312 ದಿನ ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರ ಏಪ್ರಿಲ್‌ನಲ್ಲಿ ಬಂದರು. ಆ ಪಂದ್ಯವನ್ನು 2018ರಲ್ಲಿ ಮತ್ತೆ ಶುರು ಮಾಡಿದಾಗ 1988ಕ್ಕಿಂತ ಹಿಂದಿನ ವಿನ್ಯಾಸ, 32ರಿಂದ 36 ಅಡಿ, ಉದ್ದ ಕೀಲ್, ಅದರ ಹಿಂದಿನ ಅಂಚಿಗೇ ಚುಕ್ಕಾಣಿ ಇರಬೇಕು ಅಂತ ನಿಯಮ ಮಾಡಿದರು. ಗೆದ್ದದ್ದು ರಸ್ಲರ್ 36 ಅನ್ನುವ ಮಾದರಿಯ ದೋಣಿ. ಮುಂದಿನ ಸಲ ನಮ್ಮ ಅಭಿಲಾಷ್ ಟೋಮಿ ಎರಡನೇ ಸ್ಥಾನ ಪಡೆದದ್ದೂ ರಸ್ಲರ್ 36ರಲ್ಲೇ. 2018ರಲ್ಲಿ ಮಾಸ್ಟ್ ಮುರಿದು, ಬೆನ್ನಿಗೆ ಪೆಟ್ಟು ಬಿದ್ದು, ದೋಣಿ ಬಿಟ್ಟು ಬಂದ ಮನುಷ್ಯ ಮತ್ತೆ ಹೋಗಿ ಮುಗಿಸಿದರು. ಅವರ ಬಗ್ಗೆ ನನಗೆ ಅಪಾರ ಗೌರವ.

ನೀಲಿಅಲೆ:

ನನಗೂ ಅಷ್ಟೇ ಗೌರವ ಇದೆ. ಆದರೆ ಆ ದೋಣಿಗಳನ್ನು ಹಳೇ ದೋಣಿ ಅಂತ ಸುಮ್ನೆ ಕರೆಯೋದು ಸರಿಯಾ? ಪಂದ್ಯಕ್ಕೆ ಮೊದಲು ಅವುಗಳ ಒಡಲು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಹೊಸದಾಗಿ ಹಾಕುತ್ತಾರೆ. ಮಾಸ್ಟ್ ಹೊಸದು, ತಂತಿ ಹೊಸದು, ಹಾಯಿ ಹೊಸದು. ಒಳಗೆ ನೀರು ತಡೆಯುವ ಗೋಡೆ ಬೇರೆ. ಅಷ್ಟೆಲ್ಲ ಮಾಡಿಯೂ 2018ರಲ್ಲಿ ಹಲವು ಮಾಸ್ಟ್‌ಗಳು ಮುರಿದವು. ಮುಗಿಸಿದವರು ಐದೇ ಜನ. ದಕ್ಷಿಣ ಸಮುದ್ರ ಅಂಥದ್ದು. ಅದನ್ನು ತೋರಿಸಿ ಎಪ್ಪತ್ತರ ದಶಕದ ಮೂಲ ತಂತಿಯಲ್ಲೇ ಇರುವ ದೋಣಿಯನ್ನು ಸುರಕ್ಷಿತ ಅಂದುಕೊಳ್ಳಬಾರದು.

1979ರ ಬಗ್ಗೆಯೂ ಒಂದು ಮಾತು. ಆ ಪಂದ್ಯದಲ್ಲಿ ಮಗುಚಿದ ದೋಣಿಗಳೂ ಅದೇ ಕಾಲದವು. ದೋಣಿ ಎಷ್ಟು ವಾಲುವವರೆಗೆ ಮತ್ತೆ ನೆಟ್ಟಗಾಗುತ್ತದೆ, ಯಾವ ಕೋನದ ನಂತರ ಆಗಲ್ಲ ಅನ್ನುವ ಲೆಕ್ಕಕ್ಕೆ ಅಷ್ಟು ಬೆಲೆ ಬಂದದ್ದು ಆ ದುರಂತದ ಮೇಲೆಯೇ. ಯುರೋಪಿನಲ್ಲಿ 1998ರಿಂದ ಹೊಸ ದೋಣಿಗಳಿಗೆ ಎ, ಬಿ, ಸಿ, ಡಿ ವರ್ಗ ಕಡ್ಡಾಯ. ಎ ವರ್ಗ ಅಂದರೆ ಬ್ಯೂಫೋರ್ಟ್ ಗಾಳಿ ಮಾಪಕದಲ್ಲಿ 8 ದಾಟಿದ ಗಾಳಿ, 4 ಮೀಟರ್ ದಾಟಿದ ಅಲೆ ತಡೆಯುವ ವಿನ್ಯಾಸ. ಕೊಳ್ಳುವವರ ಕೈಯಲ್ಲಿ ಕನಿಷ್ಠ ಒಂದು ಕಾಗದ ಇರುತ್ತದೆ.

ಉಪ್ಪುಗಾಳಿ:

ಆ ಕಾಗದದ ಬಗ್ಗೆ ಸ್ವಲ್ಪ ಹುಷಾರು. ವರ್ಗ ಹೇಳೋದು ದೋಣಿ ಕಾರ್ಖಾನೆಯಿಂದ ಹೊರಟ ದಿನದ ಮಾತು. ಒಂದು ಉದಾಹರಣೆ ಕೊಡುತ್ತೇನೆ. ಒಡಲಿನ ತೂತುಗಳಿಗೆ ಹಾಕುವ ಸೀಕಾಕ್ ವಾಲ್ವ್‌ಗಳ ಬಗ್ಗೆ ಬಹುಕಾಲ ಇದ್ದ ಐಎಸ್‌ಒ 9093 ಮಾನದಂಡದಲ್ಲಿ, ಸವೆತ ತಡೆಯುವ ಲೋಹ ಅಂದರೆ 5 ವರ್ಷ ಕೆಡದೆ ಇರಬೇಕು ಅಷ್ಟೇ. ಹಾಗಾಗಿ ಎಷ್ಟೋ ಹೊಸ ದೋಣಿಗಳಿಗೆ ಕಂಚಿನ ಬದಲು ಮಾಮೂಲಿ ಹಿತ್ತಾಳೆ ವಾಲ್ವ್ ಹಾಕಿದರು. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ತಿಂದು ಹಾಕುತ್ತದೆ. ಉಳಿಯೋದು ತೂತು ತೂತಾದ ತಾಮ್ರ. ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಹಳದಿಯಾಗಿ ಹೊಳೆಯಬೇಕಾದ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿ ಉದುರಿದರೆ ಅದು ಮುಗಿದಂತೆ. ಎಪ್ಪತ್ತರ ದಶಕದ ಎಷ್ಟೋ ದೋಣಿಗಳಲ್ಲಿ ಕಂಚಿನ ವಾಲ್ವ್ ಇನ್ನೂ ಗ್ರೀಸ್ ಹಚ್ಚಿದರೆ ಸರಾಗವಾಗಿ ತಿರುಗುತ್ತದೆ. ಈ ಒಂದು ವಿಷಯದಲ್ಲಿ ನಾನು ಹಳೆಯದರ ಕಡೆ.

ವೈರಿಂಗ್ ವಿಷಯದಲ್ಲಿ ಹೊಸದರ ಕಡೆ. ಹಳೇ ದೋಣಿಯಲ್ಲಿ ತವರ ಲೇಪ ಇಲ್ಲದ ತಾಮ್ರದ ವೈರು, ಸಿಪ್ಪೆ ಸುಲಿದರೆ ಒಳಗೆಲ್ಲ ಕಪ್ಪು. ಅದರ ಮೇಲೆ ಒಬ್ಬೊಬ್ಬ ಮಾಲೀಕರೂ ಒಂದೊಂದು ಎಳೆದು ಸೇರಿಸಿರುತ್ತಾರೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ. ಪೂರ್ತಿ ಕಿತ್ತು ಹೊಸದಾಗಿ ಹಾಕಿ. ದೋಣಿಯಲ್ಲಿ ಬೆಂಕಿ ಬಿದ್ದರೆ ಓಡಿ ಹೋಗಲು ಜಾಗ ಇಲ್ಲ.

ಅಲೆಮಾರಿ:

ಎಂಜಿನ್ ಬಗ್ಗೆ ಯಾರೂ ಮಾತಾಡಲಿಲ್ಲ?

ಉಪ್ಪುಗಾಳಿ:

ಎಂಜಿನ್ನಿನ ವಿಷಯ ಸುಲಭ. ಗಂಟೆ ಮೀಟರ್ ನೋಡೋದಕ್ಕಿಂತ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿ. ಮಾಲೀಕರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಸಮುದ್ರದ ನೀರೇ ನೇರ ಒಳಗೆ ಹರಿಯುವ ಹಳೇ ಎಂಜಿನ್ ಆದರೆ ಒಳಗೆ ಸವೆತ ಇದ್ದೇ ಇರುತ್ತದೆ. ಸಿಹಿನೀರು, ಕೂಲೆಂಟ್ ಇರುವುದಾದರೆ ಒಳ್ಳೆಯದು. ಡೀಸೆಲ್ ಎಂಜಿನ್ ಕೆಲಸ ಇಲ್ಲದೆ ನಿಂತು ಕೆಡೋದೇ ಜಾಸ್ತಿ.

ಮೊದಲಹಾಯಿ:

ಹಳೆಯದರ ತಳದಲ್ಲಿ ಸಣ್ಣ ಗುಳ್ಳೆಗಳಿವೆ ಅಂತ ಮಾಲೀಕರೇ ಹೇಳಿದರು. ಅವರು ಮುಚ್ಚಿಡಲಿಲ್ಲ, ಅದು ನಮಗೆ ಇಷ್ಟವಾಯಿತು. ಆದರೆ ಆಸ್ಮೋಸಿಸ್ (ಫೈಬರ್‌ಗ್ಲಾಸ್ ಒಳಗೆ ನೀರು ಇಳಿದು ಗುಳ್ಳೆ ಏಳೋದು) ಅಂದ ಕೂಡಲೇ ಎಲ್ಲರೂ ಬೇಡ ಅನ್ನುತ್ತಿದ್ದಾರೆ.

ಉಪ್ಪುಗಾಳಿ:

ಗುಳ್ಳೆ ಒಂದನ್ನು ಒಡೆದು ಮೂಸಿ ನೋಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ವಿನೆಗರ್ ತರಹ ಹುಳಿ ವಾಸನೆ ಬಂದರೆ ನೀರು ರೆಸಿನ್ನಿನ ಜೊತೆ ಸೇರಿ ಆಮ್ಲ ಆಗಿದೆ ಅಂತ ಅರ್ಥ. ಬರೀ ಬಣ್ಣದ ಪದರದ ಗುಳ್ಳೆಯಾದರೆ ಆ ವಾಸನೆ ಇರಲ್ಲ. ದಪ್ಪ ಒಡಲಿನಲ್ಲಿ ಅಲ್ಲೊಂದು ಇಲ್ಲೊಂದು ಚಿಕ್ಕ ಗುಳ್ಳೆ ಇದ್ದರೆ ಉಜ್ಜಿ, ಒಣಗಿಸಿ, ಎಪಾಕ್ಸಿ ತುಂಬಿ ಓಡಾಡಿಕೊಂಡಿರಿ. ತಳದ ತುಂಬಾ ಆಳವಾಗಿ ಇದ್ದರೆ ಮೇಲಿನ ಪದರ ಕೆತ್ತಿ, ತಿಂಗಳುಗಟ್ಟಲೆ ಒಣಗಿಸಿ, ಹೊಸ ಪದರ ಕೊಡಬೇಕು. ಅದು ನಿಮ್ಮ ಬಿಡುವಿಗೆ ಮೀರಿದ ಕೆಲಸ. ಯಾವುದು ಅಂತ ದೋಣಿ ನೀರಿನಿಂದ ಮೇಲೆ ಬಂದಾಗಷ್ಟೇ ಗೊತ್ತಾಗುತ್ತದೆ. ನೀರಿನಲ್ಲಿ ತೇಲುತ್ತಿರುವ ದೋಣಿಗೆ ಮುಂಗಡ ಕೊಡಬೇಡಿ.

ಧ್ರುವತಾರೆ:

ಮಾಲೀಕರು ತಾವಾಗಿಯೇ ಹೇಳಿದ್ದಾರೆ ಅಂದರೆ ಆ ದೋಣಿಯನ್ನು ಇನ್ನೊಂದು ಸಲ ನೋಡಲೇಬೇಕು. ಅವರ ಹತ್ತಿರ ರಸೀದಿ, ಫೋಟೊ ಇದೆಯಾ ಕೇಳಿ. ತಂತಿ ಯಾವಾಗ ಬದಲಾಯಿಸಿದ್ದು, ಡೆಕ್ ಯಾವಾಗ ಬಿಚ್ಚಿದ್ದು, ಯಾವ ತಂತಿ ಎಷ್ಟು ದಪ್ಪ ಅಂತ ಬರೆದಿಟ್ಟುಕೊಂಡವರ ದೋಣಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಮೊದಲಹಾಯಿ:

ಒಂದು ಹಳೇ ನೋಟ್‌ಬುಕ್ ಇದೆ ಅಂದಿದ್ದರು, ನಾವು ನೋಡಿರಲಿಲ್ಲ. ಈ ಶನಿವಾರ ದೋಣಿಯನ್ನು ಮೇಲೆತ್ತಿಸಲು ಒಪ್ಪಿದ್ದಾರೆ. ದೋಣಿ ಪರೀಕ್ಷಿಸುವ ಸರ್ವೇಯರ್ ಕೂಡ ಬರುತ್ತಾರೆ. 2014ರ ದೋಣಿಯ ಮಾಲೀಕರಿಗೆ ತಳ ತಾಗಿದ್ದು, ಸೈಲ್‌ಡ್ರೈವ್ ಸೀಲ್, ತಂತಿ ಮೂರನ್ನೂ ಕೇಳಿ ಕಳಿಸಿದ್ದೇವೆ. ಸೀಲ್ ಬದಲಾಗಿಲ್ಲ ಅಂತ ಉತ್ತರ ಬಂದಿದೆ. ಉಳಿದೆರಡಕ್ಕೆ ಕಾಯುತ್ತಿದ್ದೇವೆ.

ಚೈನ್‌ಪ್ಲೇಟ್ ಬಿಚ್ಚಲು ಸರ್ವೇಯರ್ ಒಪ್ಪುತ್ತಾರಾ?

ಉಪ್ಪುಗಾಳಿ:

ಸಾಮಾನ್ಯವಾಗಿ ಸರ್ವೇಯರ್ ಏನನ್ನೂ ಬಿಚ್ಚಲ್ಲ, ಕಾಣುವುದನ್ನು ಮಾತ್ರ ಬರೆಯುತ್ತಾರೆ. ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳಿ. ಮಾಸ್ಟ್ ನಿಂತಿರುವಾಗ ಒಂದು ಸಲಕ್ಕೆ ಒಂದೇ ಪಟ್ಟಿ ಬಿಚ್ಚಬೇಕು. ಅದಕ್ಕೂ ಮೊದಲು ಹಾಯಿ ಏರಿಸುವ ಹ್ಯಾಲಿಯಾರ್ಡ್ ಹಗ್ಗವನ್ನು ಅದೇ ಕಡೆಯ ಗಟ್ಟಿ ಕ್ಲೀಟಿಗೆ ಬಿಗಿದು ಮಾಸ್ಟಿಗೆ ಆಸರೆ ಕೊಡಿ. ಮಾಸ್ಟು, ತಂತಿಗಳ ಕೆಲಸ ಮಾಡುವ ಒಬ್ಬ ರಿಗ್ಗರ್ ಜೊತೆಗಿದ್ದರೆ ಒಳ್ಳೆಯದು. ಎಡಬಲದ ಒಂದೊಂದು ಪಟ್ಟಿ ನೋಡಿದರೂ ಉಳಿದವುಗಳ ಸ್ಥಿತಿಯ ಅಂದಾಜು ಸಿಗುತ್ತದೆ. ನೋಟ್‌ಬುಕ್ಕಿನಲ್ಲಿ ಅವುಗಳನ್ನು ಹಿಂದೆ ಯಾವಾಗ ಹೊರಗೆ ತೆಗೆದಿದ್ದರು ಅಂತ ಬರೆದಿದ್ದರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.